ಮಳೆಪುಟವನ್ನು ಓದುವವರು ಯಾರು? ಒಂಬತ್ತನೇ ತರಗತಿಯ ಒಂದು ಗಣಕ ಪಾಠದ ಅನುಭವ

ತರಗತಿ: 9
ಘಟಕ: ವೆಬ್ ಪುಟ ರಚನೆ
ಅವಧಿ: 40 ನಿಮಿಷಗಳ 3 ಪಾಠಗಳು
ಸ್ಥಳ: ಕೋಡಿಂಬಾಳ

ಬೋಧನಾಭ್ಯಾಸಕ್ಕೆಂದು ಕೋಡಿಂಬಾಳದ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ ಗಣಿತದ ಪಾಠಗಳ ಜೊತೆಗೆ ಗಣಕ ತರಗತಿಯನ್ನೂ ತೆಗೆದುಕೊಳ್ಳುವ ಅವಕಾಶ ನನಗೆ ಸಿಕ್ಕಿತು. ಜುಲೈ ತಿಂಗಳು, ಹೊರಗೆ ಬಿಡದೆ ಸುರಿಯುವ ಮಳೆ. ನಮ್ಮ ಕಡೆ ಅಡಿಕೆ ತೋಟವಿರುವ ಅನೇಕ ಮನೆಗಳಲ್ಲಿ ಮಳೆಮಾಪಕವಿಟ್ಟು ದಿನಾ ಬೆಳಿಗ್ಗೆ ಮಿಲಿಮೀಟರ್ ಲೆಕ್ಕ ಬರೆದಿಡುವ ರೂಢಿ ಇದೆ. ತರಗತಿಯ ಐದು ಮಕ್ಕಳ ಮನೆಯಲ್ಲಿ ಇಂಥ ಪುಸ್ತಕವಿತ್ತು. ಅದನ್ನೇ ಪೂರ್ವಜ್ಞಾನವಾಗಿಟ್ಟುಕೊಂಡು ‘ನಮ್ಮೂರಿನ ಮಳೆ’ ಎಂಬ ಪುಟವನ್ನು ಮಾದರಿಯಾಗಿ ತಯಾರಿಸಿದೆ. ಮೇಲೆ ಚಂದದ ಶೀರ್ಷಿಕೆ, ಅದರ ಕೆಳಗೆ ಮೂರು ಚೌಕಗಳು, ನಂತರ ದಿನವಾರು ಪಟ್ಟಿ, ಕೊನೆಯಲ್ಲಿ ಶಾಲೆಯ ಪ್ರಕಟಣೆ. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ‘ಭಾರೀ’, 115.6ರಿಂದ 204.4ರವರೆಗೆ ‘ಅತಿ ಭಾರೀ’, ಅದನ್ನೂ ದಾಟಿದರೆ ‘ಅತ್ಯಂತ ಭಾರೀ’ ಎಂದು ವಿಂಗಡಿಸುತ್ತದೆ. ಪಟ್ಟಿಯಲ್ಲಿ ಆ ಅಂಕಿಗಳನ್ನು ಕ್ರಮವಾಗಿ ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಬರೆದಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ಬಹಳ ಚೆನ್ನಾಗಿ ಕಾಣುತ್ತಿತ್ತು.

ಲ್ಯಾಬಿನಲ್ಲಿ ಪೆನ್‌ಡ್ರೈವ್‌ನಿಂದ ಅದನ್ನು ತೆರೆದಾಗ ಮೂರು ಚೌಕಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ‘ಒಟ್ಟು’ ಎಂಬ ಪದದ ಒತ್ತಕ್ಷರ ಚೌಕದ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿತ್ತು. ಶಾಲೆಯ ಪ್ರಕಟಣೆಯ ಜಾಗದಲ್ಲಿ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. “ಎಂತ ಟೀಚರ್ ಇದು, ಮಳೆಗೆ ಕೊಚ್ಚಿಕೊಂಡು ಹೋದದ್ದಾ?” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಯೋಜನೆಯನ್ನು ಪಕ್ಕಕ್ಕಿಟ್ಟು, ಏನೇನು ಕೆಟ್ಟಿದೆ ಎಂದು ಮಕ್ಕಳಿಂದಲೇ ಕಪ್ಪುಹಲಗೆಯಲ್ಲಿ ಬರೆಸಿದೆ.

ಮೊದಲು ಅಂಟಿಕೊಂಡ ಚೌಕಗಳು. ಲ್ಯಾಬಿಗೆ ಇಂಟರ್‌ನೆಟ್ ಸಂಪರ್ಕವಿರಲಿಲ್ಲ. ಅಲ್ಲಿನ ಕ್ರೋಮ್ 2019ರದ್ದು. ಚೌಕಗಳನ್ನು ನಾನು ಫ್ಲೆಕ್ಸ್ ವಿಧಾನದಲ್ಲಿ ಜೋಡಿಸಿ, ನಡುವಿನ ಅಂತರಕ್ಕೆ ‘ಗ್ಯಾಪ್’ ಎಂಬ ಸಿಎಸ್‌ಎಸ್ ಗುಣವನ್ನು ಬಳಸಿದ್ದೆ. ಫ್ಲೆಕ್ಸ್‌ನಲ್ಲಿ ಈ ಗುಣ ಫೈರ್‌ಫಾಕ್ಸ್‌ಗೆ 2018ರಲ್ಲಿ, ಕ್ರೋಮ್‌ಗೆ 2020ರಲ್ಲಿ, ಸಫಾರಿಗೆ 2021ರಲ್ಲಿ ಬಂತು. ಬ್ರೌಸರ್ ತನಗೆ ತಿಳಿಯದ ಸಾಲನ್ನು ಕಂಡರೆ ದೂರು ಹೇಳುವುದಿಲ್ಲ, ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ದೋಷದ ಸಂದೇಶ ಎಲ್ಲೂ ಕಾಣಿಸದು. ಸಹ ಪ್ರಶಿಕ್ಷಣಾರ್ಥಿಯೊಬ್ಬರು ‘ಸಪೋರ್ಟ್ಸ್’ ನಿಯಮದಿಂದ ಬ್ರೌಸರನ್ನೇ ಕೇಳಬಹುದಲ್ಲ ಎಂದರು. ಅಲ್ಲೊಂದು ಗುಂಡಿ ಇದೆ. ಆ ಹಳೆಯ ಕ್ರೋಮ್‌ಗೆ ಗ್ರಿಡ್ ವಿಧಾನದಲ್ಲಿ ‘ಗ್ಯಾಪ್’ ಗೊತ್ತು. ಆದ್ದರಿಂದ ಕೇಳಿದರೆ ‘ಗೊತ್ತು’ ಎಂದೇ ಉತ್ತರಿಸುತ್ತದೆ, ಫ್ಲೆಕ್ಸ್‌ನಲ್ಲಿ ಮಾತ್ರ ಕೈಕೊಡುತ್ತದೆ. ಕೊನೆಗೆ ಪ್ರತಿ ಚೌಕಕ್ಕೂ ಹಳೆಯ ‘ಮಾರ್ಜಿನ್’ ಕೊಟ್ಟೆವು. ಎಲ್ಲ ಬ್ರೌಸರ್‌ಗಳಲ್ಲೂ ಅಂತರ ಬಂತು.

ಒತ್ತಕ್ಷರ ಕತ್ತರಿಸಿದ್ದು ಬೇರೆ ಕಾರಣಕ್ಕೆ. ಚೌಕದ ಎತ್ತರವನ್ನು ನಾನು ಇಷ್ಟೇ ಪಿಕ್ಸೆಲ್ ಎಂದು ಕಟ್ಟಿಹಾಕಿದ್ದೆ. ಒಂದೊಂದು ಯಂತ್ರದಲ್ಲಿ ಒಂದೊಂದು ಕನ್ನಡ ಫಾಂಟ್: ಹಳೆಯ ವಿಂಡೋಸ್‌ನಲ್ಲಿ ತುಂಗ, ಹೊಸದರಲ್ಲಿ ನಿರ್ಮಲ, ಲಿನಕ್ಸ್‌ನಲ್ಲಿ ಬಹಳ ಕಡೆ ಲೋಹಿತ್, ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ನೋಟೊ. ಅಕ್ಷರದ ಗಾತ್ರ ಒಂದೇ ಎಂದು ಬರೆದರೂ ಅಗಲ, ಎತ್ತರ ಒಂದೇ ಆಗಿರುವುದಿಲ್ಲ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ ಕೆಳಗೆ ಒತ್ತು, ಮೇಲೆ ಗುಣಿತ ಇರುವ ಕನ್ನಡಕ್ಕೆ ಸಾಲದು. ‘ಹೈಟ್’ ಇದ್ದಲ್ಲಿ ‘ಮಿನ್-ಹೈಟ್’ ಹಾಕಿ, ‘ಲೈನ್-ಹೈಟ್’ ಅನ್ನು ಪಿಕ್ಸೆಲ್ ಬಿಟ್ಟು ಬರೀ 1.7 ಎಂದು ಬರೆದೆವು. ಆಮೇಲೆ ಪುಟವನ್ನು ಎಷ್ಟು ಹಿಗ್ಗಿಸಿದರೂ ಅಕ್ಷರ ತುಂಡಾಗಲಿಲ್ಲ.

ಪ್ರಕಟಣೆಯದು ಇನ್ನೂ ಹಳೆಯ ಕತೆ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದ ಕಡತದಿಂದ ಅದನ್ನು ನಾನು ನಕಲು ಮಾಡಿ ಅಂಟಿಸಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇದ್ದುದರಿಂದ ಅಕ್ಷರ ಸರಿಯಾಗಿ ಕಂಡಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ಯಂತ್ರಗಳು ಅದನ್ನು ತೋರಿಸಲು ಕಲಿತದ್ದು ತಡವಾಗಿ. ಆ ನಡುವಿನ ಕಾಲದಲ್ಲಿ ಕನ್ನಡವನ್ನು ಗಣಕಕ್ಕೆ ತಂದದ್ದು 1998ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶಗಳು. ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕದಲ್ಲಿ ಇಂಗ್ಲಿಷ್. ಫಾಂಟ್ ಇಲ್ಲದ ಯಂತ್ರಕ್ಕೆ ಹೋದೊಡನೆ ಒಳಗಿನದು ಹೊರಬೀಳುತ್ತದೆ. ಭಾರತೀಯ ಭಾಷೆಗಳ ಪತ್ರಿಕೆಗಳ ತಾಣಗಳಲ್ಲಿ ಹಲವು ಒಂದು ಕಾಲದಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓದಲು ಬರುತ್ತಿದ್ದವು. ಅವರು ಫಾಂಟನ್ನು ಪುಟದ ಜೊತೆ ಕಳಿಸುತ್ತಿದ್ದ ರೂಪ ಬೇರೆ ಬ್ರೌಸರ್‌ಗಳಿಗೆ ಅರ್ಥವಾಗುತ್ತಿರಲಿಲ್ಲ. ಪರಿವರ್ತಕದಿಂದ ಪ್ರಕಟಣೆಯನ್ನು ಯೂನಿಕೋಡ್‌ಗೆ ಬದಲಿಸಿದೆ. ಮೊದಲ ಪಾಠ ಅಲ್ಲಿಗೆ ಮುಗಿಯಿತು.

ಗಂಟೆ ಹೊಡೆದ ಮೇಲೆ ಮೊದಲ ಬೆಂಚಿನ ಹುಡುಗಿ ನನ್ನ ಹತ್ತಿರ ಬಂದಳು. ಅವಳಿಗೆ ದೃಷ್ಟಿ ತೀರ ಮಂದ. ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಾಳೆ. ಮನೆಯಲ್ಲಿ ಫೋನಿನ ಟಾಕ್‌ಬ್ಯಾಕ್ ಓದಿ ಹೇಳುತ್ತದೆ. “ಮೊಬೈಲ್ ಎಲ್ಲ ಓದ್ತದೆ ಟೀಚರ್, ಚಿತ್ರ ಬಂದ್ರೆ ಮಾತ್ರ ಎಂತ ಹೇಳುದಿಲ್ಲ. ಮೊನ್ನೆ ರಜೆ ಅಂತ ಚಿತ್ರದಲ್ಲಿ ಬಂದಿತ್ತು. ಅಮ್ಮ ಬೇಗ ಕೆಲಸಕ್ಕೆ ಹೋಗಿದ್ರು. ನಾನು ನಡ್ಕೊಂಡು ಬಂದೆ, ಗೇಟು ಹಾಕಿತ್ತು.” ಕೆಂಪು ಅಲರ್ಟ್ ಇದ್ದ ದಿನ ಅದು. ದಾರಿಯಲ್ಲಿ ತೋಡು ಇದೆಯಾ ಎಂದು ಕೇಳಿದೆ. ಎರಡಿವೆ ಎಂದಳು.

ನನ್ನ ಪುಟದ ಶೀರ್ಷಿಕೆಯೂ ಒಂದು ಚಿತ್ರವೇ ಆಗಿತ್ತು.

ಎರಡನೇ ಪಾಠದ ಯೋಜನೆಯನ್ನು ಆ ರಾತ್ರಿ ಮತ್ತೆ ಬರೆದೆ. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದಲೇ ನಡೆಸಬಹುದು. ಹಳೆಯ ವಿಂಡೋಸ್‌ಗೆ ಹೊಂದುವ ಆವೃತ್ತಿಯನ್ನು ತಂದು, ಮಾನಿಟರ್ ಆರಿಸಿ, ಸ್ಪೀಕರ್ ಹಾಕಿದೆ. ಮೊದಲು ಬಂದದ್ದು ಯಾರಿಗೂ ತಿಳಿಯದ ಇಂಗ್ಲಿಷ್ ಉಲಿ. ಪುಟದ ಮೊದಲ ಟ್ಯಾಗಿನಲ್ಲಿ ಭಾಷೆ ಇಂಗ್ಲಿಷ್ ಎಂದು ನಮೂದಾಗಿತ್ತು. ಮಾದರಿ ಕಡತದಿಂದ ಹಾಗೆಯೇ ಬಂದದ್ದು. ‘ಲ್ಯಾಂಗ್’ ಗುಣವನ್ನು ‘ಕೆಎನ್’ ಎಂದು ತಿದ್ದಿದ ಮೇಲೆ ಯಂತ್ರದ ಕಂಠದಲ್ಲಿ ಕನ್ನಡ ಕೇಳಿಸಿತು. ಮಕ್ಕಳು ನಕ್ಕರು, ಆಮೇಲೆ ಸುಮ್ಮನಾದರು. ಶೀರ್ಷಿಕೆಯ ಮಾತು ಬರಲೇ ಇಲ್ಲ. ಪರದೆಯಲ್ಲಿ ಮೇಲ್ಗಡೆ ಕಾಣುವ ‘ಇಂದಿನ ಮಳೆ’ ಚೌಕವನ್ನು ಅದು ಮೂರು ಚೌಕಗಳಲ್ಲಿ ಕೊನೆಗೆ ಓದಿತು, ಏಕೆಂದರೆ ಕೋಡಿನಲ್ಲಿ ಕೊನೆಗೆ ಬರೆದು ‘ಆರ್ಡರ್’ ಗುಣದಿಂದ ಮುಂದಕ್ಕೆ ತಂದಿದ್ದೆ. ಪಟ್ಟಿ ಬಂದಾಗ ಬರೀ ಅಂಕಿಗಳು: 38, 71, 122. ಯಾವ ದಿನದ್ದು ಎಂದು ತಿಳಿಯದು. ಬಣ್ಣವಂತೂ ಕಿವಿಗೆ ಬೀಳುವುದಿಲ್ಲ.

ಒಂದೊಂದಾಗಿ ತಿದ್ದಿದೆವು. ಶೀರ್ಷಿಕೆ ನಿಜವಾದ ಅಕ್ಷರವಾಯಿತು. ಚೌಕಗಳು ಓದಬೇಕಾದ ಕ್ರಮದಲ್ಲೇ ಕೋಡಿಗೆ ಬಂದವು. ಪಟ್ಟಿಯ ತಲೆಸಾಲಿಗೂ ದಿನಾಂಕದ ಕಂಬಕ್ಕೂ ‘ಟಿಎಚ್’ ಟ್ಯಾಗ್ ಹಾಕಿದ ಮೇಲೆ, ಕಂಟ್ರೋಲ್, ಆಲ್ಟ್ ಒತ್ತಿ ಬಾಣದ ಕೀಲಿಯಿಂದ ಪಟ್ಟಿಯೊಳಗೆ ಇಳಿದಾಗ ದಿನಾಂಕವೂ ಅಂಕಿಯೂ ಜೊತೆಯಾಗಿ ಕೇಳಿಸಿದವು. ಪ್ರತಿ ಅಂಕಿಯ ಪಕ್ಕದಲ್ಲಿ ‘ಭಾರೀ’, ‘ಅತಿ ಭಾರೀ’ ಎಂದು ಮಾತಿನಲ್ಲೂ ಬರೆದೆವು.

ಬಣ್ಣದ ವಿಚಾರದಲ್ಲಿ ನನ್ನ ಗಣಿತ ಸ್ವಲ್ಪ ಉಪಯೋಗಕ್ಕೆ ಬಂತು. ವೆಬ್ ಸುಗಮತೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಬೇಕೆನ್ನುತ್ತದೆ. ಲೆಕ್ಕ ಹೀಗೆ: ಹೆಚ್ಚು ಹೊಳಪಿನ ಬಣ್ಣದ ಹೊಳಪಿಗೆ 0.05 ಕೂಡಿಸಿ, ಕಡಿಮೆ ಹೊಳಪಿನದಕ್ಕೂ 0.05 ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಬಿಳಿಯ ಹೊಳಪು 1, ಕಪ್ಪಿನದು 0. ಶುದ್ಧ ಕೆಂಪಿನದು 0.2126, ಹಸಿರಿನದು 0.7152, ಇವೆರಡರ ಮೊತ್ತವೇ ಹಳದಿ, 0.9278. ಬಿಳಿಯ ಮೇಲೆ ಹಳದಿ ಎಂದರೆ 1.05 ಭಾಗಿಸು 0.9778, ಸುಮಾರು 1.07. ಬಹುತೇಕ ಬಿಳಿಯ ಮೇಲೆ ಬಿಳಿ! ಕೆಂಪು ಪಾಸಾಗುತ್ತದೆಂದು ಇಡೀ ತರಗತಿ ಕೈ ಎತ್ತಿತ್ತು, ನಾನೂ ಹಾಗೆಯೇ ಅಂದುಕೊಂಡಿದ್ದೆ. 1.05 ಭಾಗಿಸು 0.2626 ಮಾಡಿದಾಗ ಬಂದದ್ದು 4.0, ಅಂದರೆ ಫೇಲು. ಅಕ್ಷರ ಕಪ್ಪಾಗಿಸಿ, ಬಣ್ಣವನ್ನು ಹಿನ್ನೆಲೆಗೆ ಕಳಿಸಿ ನೋಡಿ ಎಂದೆ. ಹಳದಿಯ ಮೇಲೆ ಕಪ್ಪು 19.56, ಕೆಂಪಿನ ಮೇಲೆ ಕಪ್ಪು 5.25. ಕಿತ್ತಳೆಗೆ ಸೂತ್ರದಲ್ಲಿ ಇನ್ನೊಂದು ಹಂತ ಬೇಕು, ಒಂಬತ್ತನೇ ತರಗತಿಗೆ ಅದು ಹೆಚ್ಚಾಗುತ್ತದೆಂದು ಕೈಬಿಟ್ಟೆ. ಮೂರು ಪಾಠಗಳಲ್ಲಿ ಮಕ್ಕಳು ಅತಿ ಉತ್ಸಾಹದಿಂದ ಮಾಡಿದ್ದು ಈ ಲೆಕ್ಕವನ್ನೇ.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಸಮಯ ಪಾಲನೆಗೆ ಕಡಿಮೆ ಅಂಕ ಕೊಟ್ಟರು, ಅದು ನ್ಯಾಯವೇ. ಸುಗಮತೆಯನ್ನು ಎರಡನೇ ಪಾಠಕ್ಕೆ ಉಳಿಸಿಕೊಂಡದ್ದೇಕೆ, ಮೊದಲ ದಿನವೇ ಕಿವಿಯಿಂದ ಆರಂಭಿಸಬಹುದಿತ್ತಲ್ಲ ಎಂದೂ ಕೇಳಿದರು. ಈಗ ಯೋಚಿಸಿದರೆ ಅವರ ಮಾತು ಸರಿ ಅನ್ನಿಸುತ್ತದೆ. ಪ್ರಕಟಣೆಯ ಕೆಟ್ಟ ಅಕ್ಷರಗಳನ್ನು ಎನ್‌ವಿಡಿಎಯಿಂದ ಓದಿಸಿದ್ದರೆ, ಬ್ರೌಸರನ್ನು ಗೊಂದಲಕ್ಕೆ ಕೆಡವಿದ್ದೇ ಓದುವ ತಂತ್ರಾಂಶವನ್ನೂ ಕೆಡವುತ್ತದೆ ಎಂಬುದು ಐದು ನಿಮಿಷದಲ್ಲಿ ಮಕ್ಕಳಿಗೆ ತಿಳಿಯುತ್ತಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನದ ಸುಗಮತೆಯನ್ನೂ ಹೇಳುತ್ತದೆ ಎಂಬ ಅಂಶ ನನ್ನ ಯೋಜನೆಯಲ್ಲಿತ್ತು, ಹೇಳಲು ಸಮಯ ಸಾಲಲಿಲ್ಲ.

ಮೂರನೇ ಪಾಠ ಮೌಲ್ಯಮಾಪನಕ್ಕೆ. ನಾಲ್ಕು ಗುಂಪುಗಳು ತಮ್ಮ ಮನೆಯ ಮಳೆಪುಸ್ತಕದಿಂದ ಹತ್ತು ದಿನಗಳ ಪಟ್ಟಿ ಮಾಡಿದವು. ಪರೀಕ್ಷಕಿಯಾಗಿ ಮೊದಲ ಬೆಂಚಿನ ಹುಡುಗಿಯನ್ನೇ ಕೂರಿಸಿದೆ. ಅವಳು ಎರಡು ಪುಟಗಳನ್ನು ಕೇಳಿ ‘ಸರಿ ಉಂಟು’ ಎಂದಳು, ಮೂರನೆಯದರಲ್ಲಿ ನಿಂತಳು. 14ನೇ ತಾರೀಕು ಎಂದ ಯಂತ್ರ ಅಂಕಿ ಹೇಳದೆ 15ಕ್ಕೆ ಹೋಗಿತ್ತು.

“ಆ ದಿನ ಮಳೆ ಬರ್ಲಿಲ್ವಾ, ಅಳೀಲಿಲ್ವಾ?”

ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿದರು. ಕೋಶ ಖಾಲಿ ಇತ್ತು. ಕಣ್ಣಿದ್ದ ನಾವ್ಯಾರೂ ಅದನ್ನು ಪ್ರಶ್ನೆ ಮಾಡಿರಲಿಲ್ಲ. ಪುಸ್ತಕ ಯಾರ ಮನೆಯದೋ ಆ ಹುಡುಗ ಮರುದಿನ ಅಜ್ಜನ ಹತ್ತಿರ ಕೇಳಿಕೊಂಡು ಬಂದ. ಅಜ್ಜ ಆ ದಿನ ಮಗಳ ಮನೆಗೆ ಹೋಗಿದ್ದರಂತೆ. ಪಟ್ಟಿಯಲ್ಲಿ ‘ಅಳೆದಿಲ್ಲ’ ಎಂದು ಬರೆದೆವು, ಉಳಿದ ಗುಂಪುಗಳ ಖಾಲಿ ಕೋಶಗಳನ್ನೂ ಹುಡುಕಿ ಕೆಲವಕ್ಕೆ 0, ಕೆಲವಕ್ಕೆ ಅದೇ ಮಾತು ತುಂಬಿಸಿದೆವು.