ಸೀತನಿಯನ್ನೂ ತಿನ್ನು, ರಾಶಿಯನ್ನೂ ಮಾಡು

ತಮ್ಮಾ, ಪುಣೆಯಲ್ಲಿ ನಿನಗೆ ಮೊದಲ ಪಗಾರ ಆಯಿತೆಂದು ನಿನ್ನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಸೋದರಮಾವ, ಅದರಲ್ಲೂ ಕನ್ನಡ ಶಾಲೆಯ ಹಳೇ ಮಾಸ್ತರ. ನನ್ನ ಕಡೆಯಿಂದ ಸಕ್ಕರೆಯ ಜೊತೆ ಒಂದಿಷ್ಟು ಮಾತೂ ಇರಲಿ.

ನಮ್ಮ ಕುಂಭಾರಿಯ ಎರೆ ಹೊಲದಲ್ಲಿ ಮಾಲದಂಡಿ ಜೋಳ ಬೆಳೆಯುವ ರೀತಿ ನಿನಗೆ ಗೊತ್ತೇ ಇದೆ. ಬಿತ್ತುವುದು ಮಳೆಗಾಲ ಮುಗಿಯುತ್ತ ಬಂದಾಗ. ತೆನೆ ಹೊರಬೀಳುವ ಹೊತ್ತಿಗೆ ಆಕಾಶದಲ್ಲಿ ಮೋಡದ ಸುಳಿವೇ ಇರುವುದಿಲ್ಲ. ಆದರೂ ಬೆಳೆ ಬರುತ್ತದೆ. ಮುಂಗಾರಿನುದ್ದಕ್ಕೂ ಹೊಲ ಹರಗಿ ನೆಲಕ್ಕೆ ಕುಡಿಸಿಟ್ಟ ಹಸಿಯೇ ಅದಕ್ಕೆ ಆಧಾರ. ಮುಪ್ಪೂ ಹಿಂಗಾರಿ ಬೆಳೆಯೇ. ಪಗಾರದ ಮಳೆ ನಿಂತ ಮೇಲೆ ಅದು ಬೆಳೆಯಬೇಕು.

ಬೇಗ ಹರಗಿದಷ್ಟೂ ಲಾಭ. ಅಟಲ್ ಪಿಂಚಣಿ ಯೋಜನೆಯ ಲೆಕ್ಕ ನೋಡು. 60 ತುಂಬಿದ ಮೇಲೆ ತಿಂಗಳಿಗೆ 5000 ರೂಪಾಯಿ ಬರಬೇಕೆಂದರೆ 18ನೇ ವಯಸ್ಸಿನಲ್ಲಿ ಸೇರಿದವನು ತಿಂಗಳಿಗೆ 210 ರೂಪಾಯಿ ಕಟ್ಟುತ್ತಾನೆ. 40ರಲ್ಲಿ ಸೇರಿದವನು 1454. ಆದಾಯ ತೆರಿಗೆ ಕಟ್ಟುವವನಾದರೆ ನಿನಗೆ ಆ ಯೋಜನೆ ಸಿಗದು, ಆದರೆ ತಡಮಾಡಿದ್ದಕ್ಕೆ ತೆರುವ ಬೆಲೆ ಎಲ್ಲ ಕಡೆಯೂ ಹೀಗೆಯೇ. ಇನ್ನೊಂದು ಮಾತು: ನಿನ್ನ ಮುಪ್ಪಿನ ದಿನಕ್ಕೆ ಐದು ಸಾವಿರಕ್ಕೆ ಇಂದಿನ ಬೆಲೆ ಇರುವುದಿಲ್ಲ. ಪಗಾರ ಏರಿದ ಹಾಗೆ ಉಳಿತಾಯವನ್ನೂ ಏರಿಸು.

ಎರೆ ಭೂಮಿ ಒಣಗುತ್ತ ಬಿರುಕು ಬಿಡುತ್ತದೆ, ಹಸಿಯೆಲ್ಲ ಆ ಬಿರುಕಿನಿಂದಲೇ ಹಾರಿಹೋಗುತ್ತದೆ. ಅದಕ್ಕೇ ನಾವು ಎಡೆ ಹೊಡೆದು ಮುಚ್ಚುತ್ತೇವೆ. ನಿನ್ನ ಬಿರುಕುಗಳು ಬೇರೆ ಥರದವು. ಕಂಪನಿ ಬದಲಿಸಿದಾಗ ಪಿಎಫ್ ಹಣ ತೆಗೆದು ಮೋಟರ್‌ಸೈಕಲ್ ಕೊಳ್ಳಬೇಡ. ಹೊಸ ಕಡೆಗೆ ವರ್ಗಾಯಿಸಿಕೊ. ಕಂಪನಿಯ ಆರೋಗ್ಯ ವಿಮೆ ನೌಕರಿಯ ಜೊತೆಗೇ ಹೋಗುತ್ತದೆ. ನಿನ್ನದೇ ಒಂದು ಇರಲಿ. ಆರು ತಿಂಗಳ ಖರ್ಚಿನಷ್ಟು ಹಣವನ್ನು ಬೇಕೆಂದಾಗ ಕೈಗೆ ಸಿಗುವಂತೆ ಇಟ್ಟಿರು.

ಕೈತುಂಬ ಪಗಾರ ಇದ್ದವರಿಗಷ್ಟೇ ಇದೆಲ್ಲ ಎನ್ನಬೇಡ. ಸೊಲ್ಲಾಪುರದಿಂದ ಅಕ್ಕಲಕೋಟೆಯ ದಾರಿ ಹಿಡಿದು ನಮ್ಮೂರಿಗೆ ಬಂದರೆ ಗೋದೂತಾಯಿ ಪರುಳೇಕರ್ ಹೆಸರಿನ ವಸಾಹತು ಸಿಗುತ್ತದಲ್ಲ, ಅಲ್ಲಿ ಹತ್ತು ಸಾವಿರ ಮನೆಗಳಿವೆ. ಎಲ್ಲ ಬೀಡಿ ಕಟ್ಟುವ ಹೆಣ್ಣುಮಕ್ಕಳವು. ಬೀಡಿಯ ಲೆಕ್ಕದ ಮೇಲೆ ಕೂಲಿ ಎಣಿಸಿಕೊಳ್ಳುವವರು ಸಂಘ ಕಟ್ಟಿ, ವರ್ಷಗಟ್ಟಲೆ ಹೋರಾಡಿ, ಸರ್ಕಾರದ ನೆರವಿಗೆ ತಮ್ಮ ಪಾಲನ್ನೂ ಸೇರಿಸಿದರು. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಂದು ಆ ಮನೆಗಳನ್ನು ಒಪ್ಪಿಸಿದರು. ಆಮೇಲೆ ರೇ ನಗರವೆಂಬ ಅಂಥದೇ ಇನ್ನೊಂದು ವಸಾಹತು ಎದ್ದಿತು. 2024ರ ಜನವರಿಯಲ್ಲಿ ಅಲ್ಲಿನ ಮೊದಲ 15,000 ಮನೆಗಳಿಗೆ ಬೀಗದ ಕೈ ಸಿಕ್ಕಿತು. ಅವರಲ್ಲಿ ಯಾರೂ ಒಂಟಿಯಾಗಿ ಗೋಡೆ ಎಬ್ಬಿಸಲಿಲ್ಲ. ಮುಪ್ಪಿನಲ್ಲಿ ಬ್ಯಾಂಕಿನ ಪುಸ್ತಕದಷ್ಟೇ ಬೇಕಾದದ್ದು ಜ್ವರ ಬಂದಾಗ ಗಂಜಿ ತರುವ ನೆರೆಮನೆ. ಅದನ್ನೂ ಈಗಿನಿಂದಲೇ ಗಳಿಸಬೇಕು.

ಇಷ್ಟು ಕೇಳಿ, ಮಾವ ಬರೀ ಕೂಡಿಡು ಅನ್ನುತ್ತಾನೆ ಎಂದುಕೊಂಡೀಯ. ಅಲ್ಲ. ಕೂಡಿಡುವುದರಲ್ಲೇ ನಾನು ಎಡವಿದ್ದು. ನಿನ್ನ ಅತ್ತೆಗೆ ಶ್ರೀಶೈಲದ ಆಸೆ. “ಪಿಂಚಣಿ ಆಗಲಿ, ನಿಶ್ಚಿಂತೆಯಿಂದ ಹೋಗೋಣ” ಎಂದು ಇಪ್ಪತ್ತು ವರ್ಷ ಹೇಳಿದೆ. ಪಿಂಚಣಿ ಬಂತು. ಅಷ್ಟರಲ್ಲಿ ಅವಳ ಮೊಣಕಾಲು ಹೋಗಿದ್ದವು. ಈಗ ಟಿವಿಯಲ್ಲಿ ಮಲ್ಲಯ್ಯನನ್ನು ನೋಡಿ ಅಲ್ಲಿಂದಲೇ ಕೈ ಮುಗಿಯುತ್ತಾಳೆ. ನನ್ನ ಮೇಲೆ ಒಂದು ದಿನವೂ ಸಿಟ್ಟಾಗಿಲ್ಲ. ಅದೇ ಹೆಚ್ಚು ಚುಚ್ಚುತ್ತದೆ.

ಸೀತನಿಯ ಮಾತು ಹೇಳುತ್ತೇನೆ, ಕೇಳು. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವ ಸುಖಕ್ಕೆ ಆಯುಷ್ಯ ಕೆಲವೇ ದಿನ. ಕಾಳು ಬಲಿತರೆ ಮುಗಿಯಿತು. ಹೊಲದ ಒಡೆಯನಿಗೂ ಆ ವರ್ಷ ಮತ್ತೆ ಸಿಗದು. ಹಾಗೆಂದು ಎಲ್ಲ ತೆನೆಯನ್ನೂ ಸುಟ್ಟು ತಿಂದರೆ ರಾಶಿಗೆ ಏನು ಉಳಿದೀತು? ನಮ್ಮ ಹಿರಿಯರು ನಾಲ್ಕು ಸಾಲು ಸೀತನಿಗೆ ಬಿಟ್ಟು ಉಳಿದದ್ದನ್ನು ಬಲಿಯಲು ಬಿಡುತ್ತಿದ್ದರು. ನೀನೂ ಪಗಾರದಲ್ಲಿ ನಾಲ್ಕು ಸಾಲು ಹಾಗೆ ಬಿಡು. ಅವ್ವನ ಜೊತೆ ಒಂದು ಪ್ರವಾಸ, ಗೆಳೆಯರ ಜೊತೆ ಒಂದು ಸಂಜೆ, ಯಾವ ಲಾಭಕ್ಕೂ ಅಲ್ಲದ ಒಂದು ಹವ್ಯಾಸ.

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮನ ಗಡ್ಡಾ ಜಾತ್ರೆ. ಆಗ ಹೊಲದಲ್ಲಿ ಕಾಳು ಹಾಲಾಗಿರುತ್ತದೆ. ಸೂಟಿ ಹಾಕಿ ಬಾ. ಮುಂದಿನ ವರ್ಷ ನೋಡೋಣ ಎಂದು ಮಾತ್ರ ಹೇಳಬೇಡ. ಆ ಮಾತನ್ನು ನಾನು ಇಪ್ಪತ್ತು ವರ್ಷ ಹೇಳಿದವನು.