ಮೂರು ಬೆರಳಿನ ಲೆಕ್ಕ

ನೀನು ಮಾಡಿದ ಮೊದಲ ಬಾಯಿ ಕ್ಯಾನ್ಸರ್ ಆಪರೇಷನ್ ಎಂಟು ಗಂಟೆ ನಡೆಯಿತಂತೆ, ಅಂಚುಗಳಲ್ಲೂ ಗೆಡ್ಡೆ ಉಳಿದಿಲ್ಲವೆಂದು ಪೆಥಾಲಜಿಯವರು ಬರೆದುಕೊಟ್ಟರಂತೆ. ಸಂತೋಷ. ಈಗ ಈ ಮುದುಕನ ಮಾತು ಕೇಳು.

ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯೊಂದರಲ್ಲಿ ಒಮ್ಮೆ ನನ್ನ ಹಳೇ ಪೇಷಂಟ್ ಸಿಕ್ಕರು. ಗುಟ್ಕಾ ಹಾಕಿ ಹಾಕಿ ಬಂದ ಕೆನ್ನೆಯ ಕ್ಯಾನ್ಸರ್, ನಾನೇ ಕತ್ತಿ ಹಿಡಿದಿದ್ದೆ. ಎರಡು ವರ್ಷವಾದರೂ ಕಾಯಿಲೆ ಮರುಕಳಿಸಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಗೆದ್ದ ಕೇಸು. ಅವರೋ ಇಡ್ಲಿಯನ್ನು ಸಾಂಬಾರಿನಲ್ಲಿ ಗಂಜಿಯಂತೆ ಹಿಸುಕಿ, ಗೋಡೆ ಕಡೆ ತಿರುಗಿ, ಚಮಚದ ತುದಿಯಿಂದ ತುಟಿಯೊಳಗೆ ತಳ್ಳಿಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಬಾಯಿ ಮೂರು ಬೆರಳಿನಷ್ಟು ತೆರೆಯಬೇಕು. ಅವರ ಬಾಯಲ್ಲಿ ಒಂದು ಬೆರಳಿಗೂ ಜಾಗವಿರಲಿಲ್ಲ. ರೇಡಿಯೇಷನ್ ಆದಮೇಲೆ ದವಡೆ ಬಿಗಿಯುತ್ತದೆ, ಐಸ್‌ಕ್ರೀಂ ಕಡ್ಡಿಗಳನ್ನು ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಒಂದೊಂದಾಗಿ ಹೆಚ್ಚಿಸುತ್ತಾ ದಿನಾ ವ್ಯಾಯಾಮ ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನು. ಚಿಕಿತ್ಸೆಯ ಖರ್ಚಿಗೆಂದು ಅವರು ಸೈಟು ಮಾರಿದ್ದೂ ಅವತ್ತೇ ಗೊತ್ತಾಯಿತು.

ಮೌಲ್ಯಾಧಾರಿತ ಚಿಕಿತ್ಸೆ ಎಂದು ಈಗ ಸಮ್ಮೇಳನಗಳಲ್ಲಿ ಸ್ಲೈಡು ಹಾಕುತ್ತಾರೆ. 2006ರಲ್ಲಿ ಮೈಕೆಲ್ ಪೋರ್ಟರ್, ಎಲಿಜಬೆತ್ ಟೈಸ್‌ಬರ್ಗ್ ಪುಸ್ತಕ ಬರೆದ ಮೇಲೆ ಓಡಾಡತೊಡಗಿದ ಮಾತು. ಎಷ್ಟು ಖರ್ಚಿಗೆ ರೋಗಿಗೆ ಎಷ್ಟು ಫಲ ಸಿಕ್ಕಿತು ಅನ್ನುವುದೇ ಅದರ ತಿರುಳು. ಆ ಫಲದಲ್ಲಿ ಇಡ್ಲಿ ತಿನ್ನುವುದೂ ಸೇರಿದೆ ಎಂದು ನನಗೆ ತಿಳಿದದ್ದು ದರ್ಶಿನಿಯಲ್ಲಿ, ಸ್ಲೈಡಿನಲ್ಲಲ್ಲ.

ದುಬಾರಿಯದ್ದೇ ಮೇಲು ಎಂದುಕೊಳ್ಳಬೇಡ. ಗರ್ಭಕಂಠದ ಆರಂಭದ ಕ್ಯಾನ್ಸರಿಗೆ ಕೀಹೋಲ್, ರೋಬೋಟ್ ಎಂದು ನಮ್ಮವರೆಲ್ಲ ಮುಗಿಬಿದ್ದಿದ್ದರು. 2018ರಲ್ಲಿ ಹಲವು ದೇಶಗಳ ಟ್ರಯಲ್ ಫಲಿತಾಂಶ ಬಂತು: ನಾಲ್ಕೂವರೆ ವರ್ಷ ಕಾಯಿಲೆ ಮರುಕಳಿಸದೆ ಇದ್ದವರು ಹೊಟ್ಟೆ ತೆರೆದು ಮಾಡಿಸಿಕೊಂಡವರಲ್ಲಿ ಶೇ 96.5, ಸಣ್ಣ ರಂಧ್ರದವರಲ್ಲಿ ಶೇ 86. ರೋಬೋಟಿಗೆ ಬೇರೆ ಕಡೆ ಜಾಗವಿದೆ, ಇಲ್ಲಿ ಸೋತಿತು. ಅತ್ತ ನಮ್ಮ ಬೆಂಗಳೂರಿನ ಡಾ. ವಿಶಾಲ್ ರಾವ್, ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಮತ್ತೆ ಮಾತಾಡಲೆಂದು 'ಓಂ' ಎಂಬ ಪುಟ್ಟ ಸಾಧನ ಮಾಡಿದರು. ಆಗ ವಿದೇಶಿಯದಕ್ಕೆ ಸಾವಿರಾರು ರೂಪಾಯಿ ಆಗುತ್ತಿತ್ತು, ಇದಕ್ಕೆ ಸುಮಾರು 50.

ಬಿಡುವಿದ್ದಾಗ ಡೇರಿ ಸರ್ಕಲ್ ಹತ್ತಿರದ ಕಿದ್ವಾಯಿ ಆಸ್ಪತ್ರೆಯ ಗೇಟಿನಲ್ಲಿ ಬೆಳಗ್ಗೆ ನಿಂತು ನೋಡು. ಬಸ್ಸಿಳಿದು ಬರುವವರ ಪ್ಲಾಸ್ಟಿಕ್ ಕವರಿನಲ್ಲಿ ಸ್ಕ್ಯಾನಿನ ಜೊತೆ ರೇಷನ್ ಕಾರ್ಡೂ ಇರುತ್ತದೆ. ಬಿಪಿಎಲ್ ಆದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆಪರೇಷನ್ ಡೇಟು ಕೊಡುವ ಮೊದಲು ಆ ಕಾರ್ಡನ್ನು ನೀನೇ ಕೇಳಿ ನೋಡು, ಕೌಂಟರಿನವರಿಗೆ ಬಿಡಬೇಡ.

ನಾಳೆ ರೌಂಡ್ಸಿಗೆ ಹೋದಾಗ ನಿನ್ನ ಪೇಷಂಟಿನ ಬಾಯಿ ಎಷ್ಟು ಬೆರಳು ತೆರೆಯುತ್ತದೆ ನೋಡಿ ಫೈಲಿನಲ್ಲಿ ಬರೆದಿಡು. ಫಿಸಿಯೋಥೆರಪಿ ಚೀಟಿಯನ್ನು ಡಿಸ್ಚಾರ್ಜಿಗೆ ಮೊದಲೇ ಅವರ ಕೈಗೆ ಕೊಡು.