ನೇಮಕಾತಿ ಸೀಸನ್‌ಗೂ ಮುಂಚೆ

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಕೆಲಸ ಸಾಫ್ಟ್‌ವೇರ್. ಕಂಪನಿಯ ಕಪ್ಪು ನೌಕರರ ಬಳಗದಲ್ಲಿ ಉಳಿದ ನೌಕರರಿಗೂ ಜಾಗವಿದೆ. ಆ ಬಳಗದ ಜೊತೆ ವರ್ಷಗಳಿಂದ ಎಚ್‌ಬಿಸಿಯುಗಳಿಗೆ ಹೋಗಿಬರುತ್ತಿದ್ದೇನೆ. ಕಪ್ಪು ಜನರ ಓದಿಗಾಗಿಯೇ 1964ಕ್ಕೆ ಮೊದಲು ಶುರುವಾದ ಕಾಲೇಜುಗಳಿವು. ಈಗ ಸುಮಾರು ನೂರು ಇವೆ. ಹೀಗೆ ನೌಕರರ ಬಳಗದ ಪರವಾಗಿ ಅಲ್ಲಿಗೆ ಹೊರಡುವವರಿಗೆ ನಾನು ಹೇಳುವ ಮಾತುಗಳು ಇವು.

1. ಚರಿತ್ರೆ ತಿಳಿದುಕೊಂಡು ಹೋಗಿ. ನಮ್ಮ ರಾಜ್ಯದ ಗ್ರೀನ್ಸ್‌ಬರೋದಲ್ಲಿರುವ ಎ ಅಂಡ್ ಟಿ ವಿಶ್ವವಿದ್ಯಾಲಯ 1891ರಲ್ಲಿ ಹುಟ್ಟಿದ್ದು, ಬಿಳಿಯರ ಕಾಲೇಜಿನಲ್ಲಿ ಕಪ್ಪು ಮಕ್ಕಳಿಗೆ ಪ್ರವೇಶವಿಲ್ಲದ ಕಾಲದಲ್ಲಿ. 1960ರ ಫೆಬ್ರುವರಿ 1ರಂದು ಅಲ್ಲಿನ ನಾಲ್ವರು ಹುಡುಗರು ವುಲ್‌ವರ್ತ್ ಅಂಗಡಿಯಲ್ಲಿ ಬಿಳಿಯರಿಗೆ ಮಾತ್ರ ಊಟ ಬಡಿಸುವ ಕೌಂಟರಿನ ಮುಂದೆ ಕೂತರು. ಕಾಫಿ ಕೊಡಲಿಲ್ಲ, ಅವರು ಏಳಲೂ ಇಲ್ಲ. ಅಂಥ ಜಾಗಕ್ಕೆ ಉಪಕಾರ ಮಾಡಲು ಬಂದವರಂತೆ ಕಾಲಿಡಬಾರದು. ಕನ್ನಡಿಗರಿಗೆ ಈ ಕಾಲೇಜುಗಳ ಜೊತೆ ಒಂದು ನಂಟೂ ಇದೆ: 1937ರಲ್ಲಿ ಮೈಸೂರಿನಲ್ಲಿ ನಡೆದ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಬಂದಿದ್ದ ಬೆಂಜಮಿನ್ ಮೇಸ್ ಮುಂದೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. ಮಾರ್ಟಿನ್ ಲೂಥರ್ ಕಿಂಗ್ ಈ ಮೇಸರ ಶಿಷ್ಯರು.

2. ಮೊದಲ ವರ್ಷದವರನ್ನು ಭೇಟಿಯಾಗಿ. ಕೊನೆಯ ವರ್ಷದ ಉದ್ಯೋಗ ಮೇಳಕ್ಕೆ ಹೋಗುವಷ್ಟರಲ್ಲಿ ತಡವಾಗಿರುತ್ತದೆ. ಒಳ್ಳೆಯ ಇಂಟರ್ನ್‌ಶಿಪ್ ಅಷ್ಟರೊಳಗೆ ಬೇರೆಯವರ ಪಾಲಾಗಿರುತ್ತದೆ, ಅದಿಲ್ಲದವರ ಅರ್ಜಿಯನ್ನು ನೇಮಕಾತಿಯವರು ಎಷ್ಟೋ ಸಲ ಕಣ್ಣೆತ್ತಿಯೂ ನೋಡುವುದಿಲ್ಲ.

3. ಅಧ್ಯಾಪಕರ ಸ್ನೇಹ ಬೆಳೆಸಿ. ವಿದ್ಯಾರ್ಥಿಗಳು ಓದು ಮುಗಿಸಿ ಹೊರಡುತ್ತಾರೆ, ಬಳಗದ ಪದಾಧಿಕಾರಿಗಳು ಬದಲಾಗುತ್ತಾರೆ. ಉಳಿಯುವವರು ಪಾಠ ಹೇಳುವವರೇ. ನಿಮ್ಮ ಸ್ಲೈಡ್ ತೋರಿಸುವ ಮೊದಲು, ಈ ಸೆಮಿಸ್ಟರಿನಲ್ಲಿ ನಿಮಗೇನು ಬೇಕು ಎಂದು ಅವರನ್ನು ಕೇಳಿ. ಎಷ್ಟೋ ಸಲ ಅವರು ಕೇಳುವುದು ಪ್ರಾಜೆಕ್ಟಿಗೆ ನಿಜವಾದ ಒಂದು ಸಮಸ್ಯೆ, ಮಕ್ಕಳ ಕೋಡ್ ಓದಿ ತಿದ್ದುವ ಒಬ್ಬ ಎಂಜಿನಿಯರ್, ಇಷ್ಟೇ.

4. ದುಡ್ಡಿನ ಮಾತು ಮುಚ್ಚಿಡಬೇಡಿ. ಕಾಲೇಜುಗಳಿಗೆ ಸರ್ಕಾರಿ ನೆರವು ಕೊಡುವ ‘ಲ್ಯಾಂಡ್ ಗ್ರಾಂಟ್’ ಕಾಯ್ದೆಯಡಿ ಬೆಳೆದ ಕಪ್ಪು ವಿಶ್ವವಿದ್ಯಾಲಯಗಳಿಗೆ ಮೂವತ್ತು ವರ್ಷಗಳಲ್ಲಿ 12 ಬಿಲಿಯನ್ ಡಾಲರಿಗೂ ಹೆಚ್ಚು ಅನುದಾನ ಕಡಿಮೆ ಸಿಕ್ಕಿದೆ ಎಂದು 2023ರಲ್ಲಿ ಕೇಂದ್ರ ಸರ್ಕಾರವೇ 16 ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆಯಿತು. ನೌಕರರ ಬಳಗ ಅದನ್ನು ತುಂಬಿಕೊಡಲಾರದು. ಆದರೆ ಸಂದರ್ಶನಕ್ಕೆ ಬರುವ ಹುಡುಗಿಗೆ ವಿಮಾನದ ಟಿಕೆಟನ್ನು ಕಂಪನಿಯೇ ಮೊದಲು ತೆಗೆಸಿಕೊಡುವಂತೆ ಒತ್ತಾಯಿಸಬಹುದು. ಕೈಯಿಂದ ಖರ್ಚು ಮಾಡಿ ಬಿಲ್ ಕೊಡಿ ಎಂದರೆ, ಆ ಕೈಯಲ್ಲಿ ದುಡ್ಡಿರಬೇಕಲ್ಲ.

5. ಹೆಸರು ಕೇಳಿರದ ಕಾಲೇಜುಗಳಿಗೂ ಹೋಗಿ. ಹೊವರ್ಡ್, ಸ್ಪೆಲ್ಮನ್‌ನಂಥ ಹೆಸರಾಂತ ಎಚ್‌ಬಿಸಿಯುಗಳಿಗೆ ಎಲ್ಲರೂ ಹೋಗುತ್ತಾರೆ. ಆದರೆ ನಮ್ಮ ರಾಜ್ಯದಲ್ಲೇ 1865ರಲ್ಲಿ ಶುರುವಾದ ಶಾ, 1867ರಲ್ಲಿ ಶುರುವಾದ ಫೆಯೆಟ್‌ವಿಲ್ ಸ್ಟೇಟ್ ವಿಶ್ವವಿದ್ಯಾಲಯಗಳಿವೆ. ನೇಮಕಾತಿ ವಿಭಾಗದ ಕಾಲೇಜು ಪಟ್ಟಿಯನ್ನು ಕೇಳಿ ತರಿಸಿಕೊಂಡು ನೋಡಿ. ಇಂಥ ಹೆಸರು ಇಲ್ಲದಿದ್ದರೆ ಸೇರಿಸುವವರೆಗೂ ಬಿಡಬೇಡಿ.